ಮೂರನೆಯವಳ ಹೆಸರು

ಕಿಲ್ಲಿಬೆಗ್ಸ್ ಬಂದರಿನಲ್ಲಿ
ಔಷಧಿ ಅಂಗಡಿಯ ಮಾಳಿಗೆ ಮೇಲೆ ನನ್ನ ವಕೀಲಿ.
ಮಂಗಳವಾರ ಮೆಟ್ಟಿಲು ಹತ್ತಿ ಬಂದರು ಇಬ್ಬರು,
ನೋರೀನ್ ಮತ್ತು ಅಟ್ರಾಕ್ಟಾ.
ಹತ್ತೊಂಬತ್ತು ವರ್ಷ ಒಂದೇ ಮೇಜಿನ ಮುಂದೆ ನಿಂತು
ಬಂಗುಡೆಯ ಹೊಟ್ಟೆ ಸೀಳಿದವರು.
ಕಾರ್ಖಾನೆ ಮುಚ್ಚಿತು. ಚಾಕು ಇವರ ಬಳಿಯೇ ಉಳಿಯಿತು.
ಈಗ ಮೀನಿಗೆ ಹೊಗೆ ಹಾಕಿ ಮಾರುತ್ತಾರಂತೆ;
ಗ್ಯಾರೇಜಿನಲ್ಲಿ ಒಲೆ ಆಗಲೇ ಕಟ್ಟಿಯಾಗಿದೆ,
ಕೋಟಿನ ತುಂಬ ಓಕ್ ಮರದ ಹೊಗೆ.
ನನ್ನ ಗುಮಾಸ್ತೆ ಸದ್ದಿಲ್ಲದೆ ಕಿಟಕಿ ತೆರೆದಳು.

"ಒಂದು ಕಾಗದ ಮಾಡಿಕೊಡಿ, ಸಾಕು" ಅಂದಳು ನೋರೀನ್.
ಯಾವ ಕಾಗದ?
"ಯಾವುದು ಅಗ್ಗವೋ ಅದು."

ಅಗ್ಗದ್ದು ಇದೆ, ಅಂದೆ. ಅದಕ್ಕೆ ಕಾಗದವೇ ಬೇಡ.
ಜೊತೆಗೂಡಿ ಮೊದಲ ಮೀನು ಮಾರಿದ ದಿನವೇ ನೀವು ಪಾಲುದಾರರು,
ಸಹಿ ಹಾಕದಿದ್ದರೂ,
ಆಗಿದ್ದೀರೆಂದು ನಿಮಗೇ ಗೊತ್ತಿಲ್ಲದಿದ್ದರೂ.
ಅವಳು ಕೊಂಡ ವ್ಯಾನಿನ ಸಾಲ ನಿನ್ನದೂ ಹೌದು.
ನೀನು ಮಾರಿದ ಮೀನಿಗೆ ಯಾರದಾದರೂ ಹೊಟ್ಟೆ ಕೆಟ್ಟರೆ
ಕೋರ್ಟಿನ ನೋಟೀಸು ಅವಳ ಬಾಗಿಲನ್ನೂ ತಟ್ಟುತ್ತದೆ.
ಗಂಡ ಹೆಂಡಿರ ನಡುವೆ ಕೂಡ ಇಷ್ಟು ಇರುವುದಿಲ್ಲ.

ಇಬ್ಬರೂ ನಕ್ಕರು. ನೋರೀನ್ ಸ್ವಲ್ಪ ಹೆಚ್ಚೇ.

ಇನ್ನೊಂದು ದಾರಿ, ಕಂಪನಿ.
ಅಂದರೆ ಮೂರನೆಯವಳೊಬ್ಬಳನ್ನು ಹುಟ್ಟಿಸುವುದು.
ಅವಳಿಗೆ ಹಸಿವಿಲ್ಲ, ಹಲ್ಲುನೋವಿಲ್ಲ, ಮುಪ್ಪಿಲ್ಲ.
ಒಲೆ ಅವಳದು, ಹೊಗೆ ಅವಳದು, ಸಾಲವೂ ಅವಳದೇ.
ಅವಳು ಮುಳುಗಿದರೆ
ನಿಮ್ಮ ಮನೆಗಳು ದಡದಲ್ಲೇ ಉಳಿಯುತ್ತವೆ,
ಬ್ಯಾಂಕಿನವನು ನಿಮ್ಮಿಂದ ಜಾಮೀನು ಬರೆಸಿಕೊಳ್ಳದಿದ್ದರೆ.
ಬರೆಸಿಕೊಳ್ಳುತ್ತಾನೆ. ಅದನ್ನೂ ಹೇಳಿದೆ.

ಆಮೇಲೆ ಎಲ್ಲರನ್ನೂ ಕೇಳುವುದನ್ನೇ ಕೇಳಿದೆ:
ಒಬ್ಬಳು ಸತ್ತರೆ?
ಸಾವಿನ ಬಗ್ಗೆ ತಕರಾರಿರಲಿಲ್ಲ. ಕಡಲಿನ ಊರು.
ಇವಳದು ಅವಳಿಗೆ, ಅವಳದು ಇವಳಿಗೆ,
ಒಂದೇ ಉಸಿರಿಗೆ ಮುಗಿಯಿತು.
ಒಬ್ಬಳು ಸಾಕೆಂದು ಎದ್ದು ಹೋದರೆ?
ಅಟ್ರಾಕ್ಟಾ ಕೈಗವಸು ಮಡಿಸಿದಳು, ಬಿಚ್ಚಿದಳು.
ಪಾಲು ಯಾರಿಗೆಷ್ಟು?

"ಅರ್ಧರ್ಧ" ಅಂದಳು ನೋರೀನ್, ಅದೂ ಒಂದು ಪ್ರಶ್ನೆಯೇ ಅನ್ನುವಂತೆ.
ಅಟ್ರಾಕ್ಟಾ ಕಿಟಕಿಯ ಕಡೆ ನೋಡಿದಳು.
ಗ್ಯಾರೇಜು ಅವಳದು.
ಒಲೆಗೆ ಸುರಿದ ದುಡ್ಡು ಅವಳಮ್ಮ ಬಿಟ್ಟುಹೋದದ್ದು.
"ನೀನು ಹೇಳಲೇ ಇಲ್ಲ."
"ನೀನು ಕೇಳಲೇ ಇಲ್ಲ."
ಹತ್ತೊಂಬತ್ತು ವರ್ಷದ ಮೊದಲ ಜಗಳ,
ನನ್ನ ಗಂಟೆಯ ದರದಲ್ಲಿ.

ಮನೆಗೆ ಹೋಗಿ, ಅಂದೆ. ಶುಕ್ರವಾರ ಬನ್ನಿ.
ಬರಲಾರರು ಅಂದುಕೊಂಡೆ.
ಕೆಳಗೆ ಬಾಗಿಲಲ್ಲಿ ನನ್ನದೊಂದು ಬೋರ್ಡಿದೆ:
ನನ್ನ ಹೆಸರು, 'ಮತ್ತು' ಅನ್ನುವ ಪದ,
ಆಮೇಲೆ ಬಣ್ಣ ಕೆರೆದ ಜಾಗ.
ನಾವಿಬ್ಬರೂ ಕಾಗದ ಮಾಡಿಕೊಂಡಿರಲಿಲ್ಲ.
ವಕೀಲರಲ್ಲವೇ ನಾವು.

ಶುಕ್ರವಾರ ಬಂದರು.
ಮೀನು ಸುತ್ತುವ ಕಾಗದದ ಹಿಂದೆ ಪೆನ್ಸಿಲಿನಲ್ಲಿ
ನೋರೀನಳ ಗುಂಡು ಅಕ್ಷರ:
ಅಮ್ಮನ ದುಡ್ಡು ತೀರುವವರೆಗೆ ಅಟ್ರಾಕ್ಟಾಗೆ ಅರವತ್ತು,
ಆಮೇಲೆ ಅರ್ಧರ್ಧ.
ಗ್ಯಾರೇಜಿಗೆ ಬಾಡಿಗೆ, ತಿಂಗಳಿಗೊಮ್ಮೆ, ತಪ್ಪದೆ.
ಜಗಳವಾದರೆ ಮೂರು ದಿನ ಯಾರೂ ಏನೂ ತೀರ್ಮಾನಿಸಕೂಡದು,
ಒಲೆ ಮಾತ್ರ ಆರಬಾರದು.

ಆ ಕೊನೆಯದಕ್ಕೆ ಕಾನೂನಿನ ಭಾಷೆ ಹುಡುಕಿದೆ,
ಸಿಗಲಿಲ್ಲ. ಹಾಗೇ ಟೈಪು ಮಾಡಿಸಿದೆ,
ಕಲಮು ಏಳು.

ಅರ್ಜಿ ತುಂಬಿಯಾಯಿತು: ವಿಳಾಸ, ನಿರ್ದೇಶಕರು, ಷೇರು ನೂರು.
ಕಂಪನಿಯ ಹೆಸರಿನ ಗೆರೆಯೊಂದು ಖಾಲಿ.
ಏನೆಂದು ಬರೆಯಲಿ?
ಇಬ್ಬರೂ ಒಟ್ಟಿಗೇ ಬಾಯಿ ತೆರೆದರು,
ಬೇರೆ ಬೇರೆ ಹೆಸರು ಹೇಳಿದರು.
ನಾನು ಪೆನ್ನಿನ ಮುಚ್ಚಳ ಹಾಕಿ
ಚಹಾ ತರಿಸಿದೆ.