ಯಾವುದು ಚೆನ್ನಾಗಿ ತಡಮಾಡುತ್ತೆ

ಅಕ್ರಾದ ಮಕೋಲ ಸಂತೆಯ ಹಿಂದೆ,
ಹೊಲಿಗೆಯಂತ್ರ ರಿಪೇರಿಯವನ ಪಕ್ಕ,
ಒಂದು ಮೇಜು, ಒಂದು ಪ್ರಿಂಟರು,
ಏನು ಕೇಳಿದರೂ ಅಡ್ಡಡ್ಡ ತಲೆಯಾಡಿಸುವ ಒಂದು ಫ್ಯಾನು:
ಇಷ್ಟು ನನ್ನ ಅಂಗಡಿ.
ಇಲ್ಲಿಂದ ಜನರನ್ನು ಆಕಾಶಕ್ಕೆ ಕಳಿಸುತ್ತಿದ್ದೇನೆ
ಹತ್ತೊಂಬತ್ತು ವರ್ಷದಿಂದ.
ನಾನಿನ್ನೂ ವಿಮಾನ ಹತ್ತಿದವನಲ್ಲ.

ಬಂದವರು ಕೇಳುವುದು, ಅಗ್ಗದ್ದು ಯಾವುದು,
ಬೇಗ ಮುಟ್ಟಿಸುವುದು ಯಾವುದು.
ಮದುಮಗ ಕೇಳುತ್ತಾನೆ ಸಿನಿಮಾ ಎಷ್ಟಿವೆ ಎಂದು,
ಪಾದ್ರಿ, ಕಾಲು ಚಾಚಲು ಜಾಗ.
ಆಂಟಿ ಎಸಿನಾಮ್ ಹಾಗಲ್ಲ.
ವರ್ಷಕ್ಕೆ ನಾಲ್ಕು ಸಲ ಗ್ವಾಂಗ್‌ಝೌಗೆ ಹೋಗಿ
ಬಟ್ಟೆಯ ಥಾನು ಹೊತ್ತು ತರುವವಳು
ಸ್ಟೂಲಿನ ಮೇಲೆ ಕೂತು, ಕತ್ತಿನ ಬೆವರೊರೆಸಿ ಕೇಳುತ್ತಾಳೆ:
"ಅಟೊ, ಇವುಗಳಲ್ಲಿ ಯಾವುದು ಚೆನ್ನಾಗಿ ತಡಮಾಡುತ್ತೆ?"

ಮೊದಲ ಸಲ ನಕ್ಕಿದ್ದೆ.
ಅವಳು ನಗಲಿಲ್ಲ.
"ಹೊತ್ತಿಗೆ ಸರಿಯಾಗಿ ಹಾರುವಾಗ ಎಲ್ಲರೂ ಒಳ್ಳೆಯವರೇ.
ಗಂಡನ ಗುಣ ಸಂಬಳದ ದಿನ ತಿಳಿಯುತ್ತದೇನು?
ತಿಂಗಳ ಕೊನೆಗೆ ನೋಡಬೇಕು."

ಅಂದಿನಿಂದ ಬರೆದಿಟ್ಟಿದ್ದೇನೆ, ಅವಳಿಟ್ಟ ಅಡ್ಡಹೆಸರುಗಳಲ್ಲೇ.
ನೀಲಿ ಬಾಲದ್ದು: ಕಿಟಕಿಯಷ್ಟಗಲ ಟೀವಿ, ಬಿಸಿ ಟವೆಲು;
ತಡವಾದರೆ ಫೋನಿಗೊಂದು ಕ್ಷಮಾಪಣೆ,
ಊಟಕ್ಕಿಲ್ಲದ ಉಪ್ಪಿನಕಾಯಿ.
ಮುದಿ ಕೊಕ್ಕರೆ: ಸೀಟಿನ ಹೊಲಿಗೆ ಬಿಟ್ಟಿದೆ,
ಆದರೆ ರಾತ್ರಿ ಎರಡಕ್ಕೆ ಸೂಪು, ಕಂಬಳಿ,
ಮತ್ತು ಎದುರು ಬಂದು ನಿಲ್ಲುವ ಒಬ್ಬ ಮನುಷ್ಯ:
"ಎಂಜಿನ್ನಿನಲ್ಲಿ ಏನೋ ಇದೆ, ಏನೆಂದು ನಮಗೂ ಗೊತ್ತಿಲ್ಲ."
ಅಷ್ಟು ಹೇಳಿದರೆ ಸಾಕು, ಅನ್ನುತ್ತಾಳೆ, ನಿದ್ದೆ ಬರುತ್ತದೆ.
ಇನ್ನೊಂದರ ಹೆಸರೇ ಇನ್ನರ್ಧಗಂಟೆ.
ಹದಿನಾಲ್ಕು ತಾಸನ್ನು
ಅರ್ಧರ್ಧ ಗಂಟೆಯ ಚೂರು ಮಾಡಿ ಬಡಿಸಿದ್ದು,
ಎದ್ದು ಮೂತ್ರಕ್ಕೆ ಹೋಗಲೂ ಬಿಡದೆ.

ಆ ಹದಿನಾಲ್ಕು ತಾಸಿನಲ್ಲಿ ಪಕ್ಕದ ಕುರ್ಚಿಗೆ ಸಿಕ್ಕವನು
ಯಾವುದೋ ಹಡಗುಕಟ್ಟೆಯಲ್ಲಿ ದುಡಿಯುವ ಕುಮಾಸಿಯ ವೆಲ್ಡರು,
ತಂದೆಯ ಮಣ್ಣಿಗೆ ಹೊರಟವನು.
ಬೋರ್ಡು ನೋಡಿ ನೋಡಿ ಕುತ್ತಿಗೆ ಉಳುಕಿತ್ತಂತೆ.
"ಕೂತ್ಕೋ ಮಗ, ನಮ್ಮಲ್ಲಿ ಸತ್ತವರಿಗೂ ಕಾಯುವುದು ಗೊತ್ತು.
ಕೊನೆಯವನು ಬರುವ ತನಕ ಐಸಿನಲ್ಲಿ ಮಲಗಿರುತ್ತಾರೆ,
ಒಂದು ತಿಂಗಳು, ಎರಡು ತಿಂಗಳು, ಮುನಿಸಿಲ್ಲದೆ"
ಎಂದಳಂತೆ. ಕೈಚೀಲದಿಂದ
ಕೆಂಪು-ಕಪ್ಪು ಬಟ್ಟೆಯ ಸ್ಯಾಂಪಲ್ಲು ತೆಗೆದು,
ಮೊಳ ಹಾಕಿ ಎರಡು ಗಜ ಅಳೆದು,
ಕತ್ತರಿ ಸೆಕ್ಯೂರಿಟಿಯವರ ಪಾಲಾಗಿತ್ತಲ್ಲ,
ಹಲ್ಲಿನಿಂದಲೇ ಅಂಚು ಕಚ್ಚಿ ಪರ್ರನೆ ಸೀಳಿ ಕೊಟ್ಟಳಂತೆ.
ಇಡೀ ಲೌಂಜು ತಿರುಗಿ ನೋಡಿತಂತೆ.
ದುಡ್ಡು ತಗೊಂಡೆಯಾ, ಕೇಳಿದೆ.
"ಅರ್ಧ," ಅಂದಳು. "ನಾನೇನು ಚರ್ಚಾ?"

ನಿನ್ನೆ ಮತ್ತೆ ಬಂದಿದ್ದಳು. ಅದೇ ಸ್ಟೂಲು, ಅದೇ ಪ್ರಶ್ನೆ.
ಮುದಿ ಕೊಕ್ಕರೆ ಈ ಸಲ ಒಂಬೈನೂರು ಸೀಡಿ ಹೆಚ್ಚು.
ಕೊಕ್ಕರೆಯನ್ನು ನಾನೇ ಸಾಕಿದ ಹಾಗೆ ಚೌಕಾಸಿ ಮಾಡಿದಳು,
ಬೈದಳು, ಎದ್ದಳು, ಕೂತಳು,
ರವಿಕೆಯೊಳಗಿಂದ ನೋಟು ತೆಗೆದು ಎರಡು ಸಲ ಎಣಿಸಿದಳು.
ಟಿಕೆಟ್ಟು ಪ್ರಿಂಟರಿನಿಂದ ಅರ್ಧ ಹೊರಬಂದಿತ್ತು,
ಹೊರಡುವ ಊರು, ಹೊರಡುವ ಹೊತ್ತು,
ಅವಳ ಹೆಸರಿನ ಮೇಲರ್ಧ,
ಕರೆಂಟು ಹೋಯಿತು.

ಫ್ಯಾನು ಇಲ್ಲ ಇಲ್ಲ ಎನ್ನುತ್ತಾ ನಿಂತಿತು.
ಪಕ್ಕದವನದು ಕಾಲಲ್ಲಿ ತುಳಿಯುವ ಯಂತ್ರ,
ಅದೊಂದು ಟಕಟಕ ನಡೆದೇ ಇತ್ತು.
"ಇನ್ನರ್ಧ" ಎಂದು ಬಾಯಿ ತೆರೆದವನು
ನಾಲಿಗೆ ಕಚ್ಚಿಕೊಂಡೆ.

ಎಸಿನಾಮ್ ಚಪ್ಪಲಿ ಕಳಚಿದಳು,
ಊದಿದ ಪಾದಗಳನ್ನು ತಣ್ಣನೆ ಸಿಮೆಂಟಿನ ಮೇಲಿಟ್ಟು
ನನ್ನನ್ನೇ ನೋಡಿದಳು,
ಹೊಸ ಥಾನನ್ನು ಬೆರಳ ನಡುವೆ ಉಜ್ಜಿ ನೋಡುವ ಹಾಗೆ.

ಯಾವಾಗ ಬರುತ್ತೋ ನನಗೂ ಗೊತ್ತಿಲ್ಲ, ಅಂದೆ.
"ಹಾಂ," ಅಂದಳು.

ಎದ್ದೆ,
ಮೂಲೆಯಂಗಡಿಯ ಐಸಿನ ಪೆಟ್ಟಿಗೆಯಿಂದ
ಎರಡು ಪಾಕೀಟು ನೀರು ತರಲು.