ಮೋರಿ ಯಾರದ್ದು

ಮಕುರ್ಡಿಯ ರಾಜ್ಯ ಸಚಿವಾಲಯದಲ್ಲಿ,
ಲೋಕೋಪಯೋಗಿ ಇಲಾಖೆಯ ಕೆಳಮಹಡಿಯಲ್ಲಿ ನನ್ನದೊಂದು ಮೇಜು.
ನಾಲ್ಕು ಕಾಲಲ್ಲಿ ಒಂದು ಗಿಡ್ಡ. ಅದರಡಿಗೆ ಮಡಿಸಿಟ್ಟದ್ದು
ಯಾವುದೋ ಕಾಲದ ಬಜೆಟ್ ಭಾಷಣ.

ಇವೆರೆನ್ ಬಂದದ್ದು ಮಂಗಳವಾರ. ಗೆಣಸು ಮಾರುವವಳು.
ತಲೆಯ ಮೇಲೆ ಸಿಂಬಿ ಹಾಗೇ ಇತ್ತು, ಹೊರೆ ಇರಲಿಲ್ಲ.
ಎಲ್ಲಿ ಹೊರೆ, ಅಂದೆ.
ಮೋರಿಯಲ್ಲಿ, ಅಂದಳು.
ತಲೆ ಮೇಲಿನ ಹತ್ತು, ತಳ್ಳುಗಾಡಿಯ ಮೂವತ್ತು,
ಒಂದೊಂದೂ ತೊಡೆಗಾತ್ರ.

ನಕಾಶೆ ಬಿಡಿಸಿದೆ. ನೋಡಮ್ಮ,
ಈ ಕಪ್ಪು ಗೆರೆ ಹೆದ್ದಾರಿ, ಅಬುಜಾದ್ದು.
ಕೆಂಪು ಗೆರೆ ನಮ್ಮದು, ರಾಜ್ಯದ್ದು.
ಈ ಚುಕ್ಕಿ ಚುಕ್ಕಿ ಸಂತೆಯ ಹಾದಿ, ಸ್ಥಳೀಯ ಆಡಳಿತದ್ದು.
ಮೋರಿ ಕುಸಿದದ್ದು ಮೂರೂ ಕೂಡುವಲ್ಲಿ,
ಅಂದರೆ ನಕಾಶೆಯ ಮಡಿಕೆಯಲ್ಲಿ,
ಕಾಗದ ಸವೆದು ತೂತಾದ ಜಾಗದಲ್ಲಿ.

ಸಂವಿಧಾನದಲ್ಲಿ ಪಟ್ಟಿಗಳಿವೆ, ಅಂದೆ.
ಒಂದರಲ್ಲಿ ಸೇನೆ, ನಾಣ್ಯ, ತೈಲ, ಪಾಸ್‌ಪೋರ್ಟು:
ಅದನ್ನು ನಾವು ಮುಟ್ಟುವಂತಿಲ್ಲ.
ಇನ್ನೊಂದನ್ನು ಇಬ್ಬರೂ ಮುಟ್ಟಬಹುದು,
ಹಾಗಾಗಿ ಇಬ್ಬರೂ ಮುಟ್ಟುವುದಿಲ್ಲ.
ಉಳಿದದ್ದೆಲ್ಲ ರಾಜ್ಯಕ್ಕೆ.
ಉಳಿದದ್ದು ಅಂದರೆ? ಅಂದಳು.
ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು,
ಅವಳಿಗೆ ನಾನು ಆ ಪದ ಬಿಡಿಸಿ ಹೇಳಲಿಲ್ಲ.

ತಿಂಗಳಿಗೊಮ್ಮೆ ಅಬುಜಾದಲ್ಲಿ
ಮೂವತ್ತಾರು ರಾಜ್ಯಗಳವರು ಕೂತು
ನಾಡಿನ ಗಂಟು ಬಿಚ್ಚಿ ಪಾಲು ಹಾಕಿಕೊಳ್ಳುತ್ತಾರೆ.
ಯಾವುದೋ ದೂರದ ಪೇಟೆಯಲ್ಲಿ ಎಣ್ಣೆಯ ಬೆಲೆ ಇಳಿದರೆ
ಇಲ್ಲಿ ನನ್ನ ಹೆಂಡತಿ ಸಾರಿಗೆ ನೀರು ಬೆರೆಸುತ್ತಾಳೆ.
ಈ ತಿಂಗಳ ಸಂಬಳ ಬಂದಿಲ್ಲ.
ಹೋದ ತಿಂಗಳದ್ದು ಅರ್ಧ ಬಂದಿತ್ತು.
ಇದನ್ನು ಅವಳಿಗೆ ಹೇಳಲಿಲ್ಲ. ನನ್ನ ಚಪ್ಪಲಿ ನೋಡಿದಳು, ಸಾಕು.

ಅರ್ಜಿ ಬರೆದುಕೊಂಡೆ. ಅದರ ದಾರಿ ನನಗೆ ಬಾಯಿಪಾಠ:
ನನ್ನಿಂದ ಎಂಜಿನಿಯರ್ ಅಗ್ಬೊ, ಅಲ್ಲಿಂದ ನಿರ್ದೇಶಕರು,
ಖಾಯಂ ಕಾರ್ಯದರ್ಶಿ, ಕಮಿಷನರು, ಗವರ್ನರರ ಸಂಪುಟ,
ಸಂಪುಟದಿಂದ ಕೇಂದ್ರದ ಮಂತ್ರಾಲಯಕ್ಕೊಂದು ಪತ್ರ,
ಪತ್ರಕ್ಕೆ ಆರು ತಿಂಗಳಿಗೆ ಉತ್ತರ:
‘ಸಂಬಂಧಪಟ್ಟ ರಾಜ್ಯವೇ ಪರಿಶೀಲಿಸತಕ್ಕದ್ದು.’
ಸಂಬಂಧಪಟ್ಟ ರಾಜ್ಯ ಅಂದರೆ
ಕೊನೆಗೆ ನಾನು, ಈ ಕುಂಟುಮೇಜು.

ಹೆದ್ದಾರಿಗೆ ಬಂದ ನೀರು
ಸಂತೆಹಾದಿಗೆ ಬಾರದಿರುತ್ತದೆಯೇ? ಕೇಳಿದಳು.
ಬರುವಾಗ ಅದು ಯಾರ ಸಹಿ ಪಡೆದಿತ್ತು?
ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಸಂಜೆ ಬಾಡಿಗೆ ಬೈಕಿನ ಹಿಂದೆ ಕೂತು ಹೊರಟೆ,
ಕಡತ ಕಂಕುಳಲ್ಲಿ.
ಮೋರಿಯ ಬಾಯಿಗೆ ಹಸಿರು ಕೊಂಬೆ ನೆಟ್ಟಿದ್ದರು, ಜೋಕೆ ಎಂದು.
ಐದಾರು ಹುಡುಗರು, ಮೊಣಕಾಲುದ್ದ ಕೆಸರು,
ಒಡೆದ ಸಿಮೆಂಟ್ ಇಟ್ಟಿಗೆ, ಮರಳು ತುಂಬಿದ ಅಕ್ಕಿಚೀಲ,
ಯಾವುದೋ ಚುನಾವಣೆಯ ಫಲಕದ ಹಲಗೆ, ಅದರಲ್ಲಿ ಅರ್ಧ ನಗು.
ರಸ್ತೆಗೆ ಅಡ್ಡ ಹಗ್ಗ.
ನೂರು ನೈರಾ ಕೊಟ್ಟರೆ ಹಗ್ಗ ಇಳಿಯುತ್ತದೆ.
ಹಾಲುಪುಡಿಯ ಡಬ್ಬ ಹಿಡಿದು ಕೂತವಳು
ಇವೆರೆನ್.

ಯಾವ ಅಧಿಕಾರದ ಮೇಲೆ ಸುಂಕ ಎತ್ತುತ್ತೀ, ಅಂದೆ.
ಇಪ್ಪತ್ತೆರಡು ವರ್ಷದ ನೌಕರಿ, ಬಾಯಿ ಕೇಳಲಿಲ್ಲ.
‘ಉಳಿದದ್ದು ಅಂದೆಯಲ್ಲ’, ಅಂದಳು,
ಕೆಸರಿನಿಂದ ಎತ್ತಿದ ಗೆಣಸೊಂದನ್ನು ಸೆರಗಿಗೆ ಒರೆಸುತ್ತ.

ಕೊಟ್ಟೆ. ನೂರಲ್ಲ, ಇದ್ದದ್ದು ಅರವತ್ತು.
ಹಗ್ಗ ಅಷ್ಟಕ್ಕೂ ಇಳಿಯಿತು.
ರಸೀದಿ? ಅಂದೆ, ಮತ್ತೆ ಅದೇ ಬಾಯಿ.
ಸೆಸುಗ್ ಎಂಬ ಹುಡುಗ, ಹನ್ನೆರಡರವನಿರಬೇಕು,
ಹೆಬ್ಬೆರಳನ್ನು ಮೋರಿಯಲ್ಲಿ ಅದ್ದಿ
ಕಡತದ ಹೊದಿಕೆಗೆ ಒತ್ತಿದ.

ಬೆಳಿಗ್ಗೆ ಖಾಯಂ ಕಾರ್ಯದರ್ಶಿ
ಕನ್ನಡಕ ಏರಿಸಿ, ಇಳಿಸಿ ನೋಡಿದರು:
ಇದು ಯಾವ ಇಲಾಖೆಯ ಮೊಹರು?

ಒಣಗಿದೆ ಸರ್, ಅಂದೆ.