ಬೆಳಕು ಯಾವ ಕಡೆಯಿಂದ

ಮೊದಲು ಹೇಳು, ಬೆಳಕು ಯಾವ ಕಡೆಯಿಂದ?
ಟ್ಯಾಬಿನೊಳಗೆ ಕತ್ತಿ ಹಿಡಿದವಳು ಬಾಯಿ ಬಿಡಲಿಲ್ಲ.
ಕೆನ್ನೆಯಡಿಗೆ ನೇರಳೆ ನೆರಳು ಬಳಿದೆ,
ಪೆಟ್ಟು ಬಿದ್ದು ಕಂದಿದ ಹಾಗೆ ಕಂಡಿತು; ಅಳಿಸಿದೆ.
ಮೂಗಿನ ತುದಿಗೆ ಬಿಳಿ ಚುಕ್ಕೆ ಇಟ್ಟೆ,
ನೆಗಡಿ ಹಿಡಿದವಳಾದಳು.

ಆರಕ್ಕೆ ಅವ್ವ ಬಂದಳು, ಆದೋನಿಯ ಜಿನ್ನಿಂಗ್ ಮಿಲ್ಲಿನಿಂದ.
ಬಾಗಿಲಲ್ಲಿ ಚಪ್ಪಲಿ ಕಳಚುವಷ್ಟು ಹೊತ್ತು
ಬೆನ್ನ ಹಿಂದೆ ಇಳಿಬಿಸಿಲು.
ಕಿವಿ, ಹೆಗಲು, ಮುಂಗುರುಳಿಗೆ ಅಂಟಿದ ಹತ್ತಿಯೆಳೆ
ಒಂದೊಂದೂ ಹೊತ್ತಿಕೊಂಡಿತ್ತು.
ಮುಖವೆಲ್ಲ ಮಬ್ಬು;
ಅವ್ವನೆಂದು ಗೊತ್ತಾದದ್ದು ಕೆಮ್ಮಿನಿಂದ.

‘ಅಲುಗಾಡಬೇಡ’ ಅನ್ನುವುದರೊಳಗೆ
‘ಕತ್ತಲಾಗೆ ಕುಂತ್ರೆ ಕಣ್ಣು ಹೋಗ್ತಾವೆ’ ಅಂತ
ಟ್ಯೂಬ್‌ಲೈಟ್ ಹಾಕಿದಳು.
ಎಲ್ಲ ಕಡೆ ಬೆಳಕು. ನೆರಳೇ ಇಲ್ಲ.
ಸೆರಗು ಕೊಡವಿಕೊಂಡು ಒಲೆಗೆ ಹೋದಳು.

ನೆಲದಿಂದ ಒಂದೆಳೆ ಆರಿಸಿ
ಪರದೆಯ ಮೇಲಿಟ್ಟುಕೊಂಡು
ಕತ್ತಿಯವಳ ಕಿವಿಯಂಚಿಗೆ
ಅಷ್ಟೇ ದಪ್ಪದ ಗೆರೆ ಎಳೆದೆ.